ಒಂಟಿ ಬಂಗಲೆಯ ಭಯ ಮತ್ತು ಅದರ ಓದುಗರು

ಕಥೆಗಳಲ್ಲಿ ಬರುವ ಒಂಟಿ ಬಂಗಲೆಯನ್ನು ನೀಲಗಿರಿಯ ಕನ್ನಡಿಗರಾದ ನಾವು ಬಯಲುಸೀಮೆಯ ಓದುಗರಂತೆ ಓದಲಾರೆವು. ಮಂಜು ಕವಿದ ಗುಡ್ಡ, ತುಕ್ಕು ಹಿಡಿದ ಗೇಟು, ಮಾಳಿಗೆಯ ಮುಚ್ಚಿದ ಕೋಣೆ, ಕೆಟ್ಟುಹೋದ ದೀಪ ಇವೆಲ್ಲ ಬೆಂಗಳೂರಿನ ಓದುಗರಿಗೆ ಮೈನವಿರೇಳಿಸುವ ಸಾಮಗ್ರಿಗಳು. ನಮಗಾದರೋ ಅದು ಹಾಲು ಹಾಕಿ ಬರುವ ಮನೆ, ಬಂಧುಗಳಾರೋ ಗುಮಾಸ್ತರಾಗಿ ದುಡಿದ ಎಸ್ಟೇಟು, ಮಳೆ ಹಿಡಿದ ದಿನ ಮಕ್ಕಳು ಶಾಲೆಯಿಂದ ಬರುವಾಗ ನಿಂತು ಬರುವ ಜಗಲಿ. ಮಂಜು ನಮಗೆ ರಹಸ್ಯವಲ್ಲ; ಬಟ್ಟೆ ಒಣಗದಂತೆ ಮಾಡುವ ಪೀಡೆ. ಆದರೂ ನಾವು ಅಂಥ ಕಾದಂಬರಿಗಳನ್ನು ಓದುತ್ತೇವೆ, ಹೆದರುತ್ತೇವೆ, ಹೆದರಿದ್ದಕ್ಕೆ ಸಂತೋಷಪಡುತ್ತೇವೆ. ಆ ಭಯವನ್ನು ಓದುಗರು ಎಲ್ಲಿ ಇರಿಸುತ್ತ ಬಂದರು? ಮನೆಯ ಗೋಡೆಗಳಲ್ಲೋ, ಮನುಷ್ಯರ ಮನಸ್ಸಿನಲ್ಲೋ, ನೆರೆಯವರ ಮೇಲೋ? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ಕೆಲವು ಪುಟಗಳನ್ನು ಈ ಸಂಚಿಕೆಯ ಓದುಗರ ಮುಂದಿಡುವುದು ನಮ್ಮ ಉದ್ದೇಶ.

ಮೊದಲು ನಮ್ಮ ಬೆಟ್ಟದ ಮಾತು. ಇಲ್ಲಿ ಬಂಗಲೆ ಎಂಬುದು ಹುಟ್ಟಿ ಇನ್ನೂರು ವರ್ಷಗಳಾದವು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟವನ್ನೇರಿ ಕೋಟಗಿರಿಯ ಬಳಿ ಮೊದಲು ನೆಲೆ ಮಾಡಿಕೊಂಡನು. 1822ರಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆಯೊಂದನ್ನು ಕಟ್ಟಿಸತೊಡಗಿದನು. ಸುತ್ತಲಿನವರ ಬಾಯಲ್ಲಿ ಅದು 'ಕಲ್ಲು ಬಂಗಲೆ' ಆಯಿತು. 1830ರ ಸೇಂಟ್ ಸ್ಟೀಫನ್ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯಿಂದ ಬಂದವು ಎಂಬುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಮೈಸೂರು ಸೀಮೆಯ ಮರ ಘಟ್ಟ ಹತ್ತಿ ಆಂಗ್ಲರ ಪ್ರಾರ್ಥನಾಮಂದಿರದ ಸೂರಾಯಿತು. ಗೂಡಲೂರಿನ ಕಡೆ ದೇವಾಲ, ಪಂದಲೂರುಗಳಲ್ಲಿ 1880ರ ಸುಮಾರಿಗೆ ಚಿನ್ನದ ಹುಚ್ಚು ಹಬ್ಬಿತು. ಲಂಡನ್ನಿನಲ್ಲಿ ಕಂಪನಿಗಳು ಹುಟ್ಟಿದವು, ಷೇರುಗಳು ಮಾರಾಟವಾದವು, ಕಾಡಿನ ನಡುವೆ ಮನೆಗಳೆದ್ದವು. ಕೆಲವೇ ವರ್ಷಗಳಲ್ಲಿ ಎಲ್ಲ ಕುಸಿದು ಮನೆಗಳು ಬರಿದಾದವು. ಒಂಟಿ ಬಂಗಲೆ ದೆವ್ವದಿಂದ ಒಂಟಿಯಾಗುವುದಿಲ್ಲ. ಷೇರುಪೇಟೆಯಿಂದಲೂ ಒಂಟಿಯಾಗುತ್ತದೆ ಎಂಬುದಕ್ಕೆ ಪಂದಲೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈ ಮನೆಗಳನ್ನು ಕಟ್ಟಿದವರು ತಮ್ಮೊಡನೆ ತಮ್ಮ ಭಯದ ಪುಸ್ತಕಗಳನ್ನೂ ತಂದರು. ಹೊರೇಸ್ ವಾಲ್‌ಪೋಲ್ 1764ರಲ್ಲಿ 'ಒಟ್ರಾಂಟೋ ಕೋಟೆ'ಯನ್ನು ಪ್ರಕಟಿಸಿದಾಗ ಅದನ್ನು ಹಳೆಯ ಇಟಾಲಿಯನ್ ಗ್ರಂಥದ ಅನುವಾದವೆಂದು ಹೇಳಿಕೊಂಡಿದ್ದನು. ಮರುವರ್ಷದ ಎರಡನೆಯ ಮುದ್ರಣದಲ್ಲಿ ತಾನೇ ಕರ್ತೃವೆಂದು ಒಪ್ಪಿಕೊಂಡ ಕೂಡಲೇ, ಮೊದಲು ಮೆಚ್ಚಿದ್ದ ವಿಮರ್ಶಕರಲ್ಲೇ ಕೆಲವರು ಮುಖ ತಿರುಗಿಸಿದರು. ಹಿಂದಿನವರ ಮೂಢನಂಬಿಕೆಯಾದರೆ ಕ್ಷಮ್ಯ, ಸಮಕಾಲೀನನೊಬ್ಬ ಬೇಕೆಂದೇ ಹೆದರಿಸಿದರೆ ಅಕ್ಷಮ್ಯ! ಆನ್ ರಾಡ್‌ಕ್ಲಿಫ್ ಅವರ 'ಉಡಾಲ್ಫೋ' 1794ರಲ್ಲಿ ಬಂದು ಮನೆಮಾತಾಯಿತು. ಅದನ್ನು ಓದಿ ತಲೆ ಕೆಡಿಸಿಕೊಂಡ ಹುಡುಗಿಯೊಬ್ಬಳನ್ನು ಜೇನ್ ಆಸ್ಟಿನ್ ತಮ್ಮ 'ನಾರ್ತ್ಯಾಂಗರ್ ಅಬೆ'ಯಲ್ಲಿ ಚಿತ್ರಿಸಿದರು. ಹಳೆಯ ಮನೆಯೊಂದರಲ್ಲಿ ರಾತ್ರಿ ಬೀರುವನ್ನು ತೆರೆದು, ಸಿಕ್ಕ ಕಾಗದದ ಸುರುಳಿಯನ್ನು ಎದೆಗವಚಿಕೊಂಡು, ಬೆಳಗಾದ ಮೇಲೆ ನೋಡಿದರೆ ಅದು ಬಟ್ಟೆ ಒಗೆಸಿದ ಲೆಕ್ಕದ ಚೀಟಿ. ಒಂಟಿ ಮನೆಯ ಕಥೆಗೆ ಓದುಗರ ಕಡೆಯಿಂದ ಬಂದ ಅತ್ಯಂತ ಚೊಕ್ಕ ಉತ್ತರ ಇದೇ ಎಂದು ನಮ್ಮ ಎಣಿಕೆ. ಆ ಕಾದಂಬರಿ ಅಚ್ಚಾಗಿ ಐದಾರು ವರ್ಷಗಳೊಳಗೆ ಕಲ್ಲು ಬಂಗಲೆಯ ಗೋಡೆಗಳು ಏಳುತ್ತಿದ್ದವು. ಅಲ್ಲಿಯೂ ಬಟ್ಟೆ ಒಗೆಯುವವರಿದ್ದರು, ಅವರ ಲೆಕ್ಕದ ಚೀಟಿಗಳೂ ಇದ್ದಿರಬೇಕು.

ಉದಕಮಂಡಲದ ನೀಲಗಿರಿ ಗ್ರಂಥಾಲಯ ರೂಪುಗೊಂಡ ಕಾಲಕ್ಕೇ ಇಂಗ್ಲೆಂಡಿನಲ್ಲಿ ಇನ್ನೊಂದು ಸಂಚಲನ ನಡೆದಿತ್ತು. ವಿಲ್ಕಿ ಕಾಲಿನ್ಸ್ ಬರೆದ 'ಬಿಳಿಯುಡುಗೆಯ ಹೆಂಗಸು' 1859ರ ನವೆಂಬರಿನಿಂದ 1860ರ ಆಗಸ್ಟ್‌ವರೆಗೆ ಡಿಕನ್ಸ್‌ನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಊರಾಚೆಯ ದೊಡ್ಡ ಮನೆ, ಅಲ್ಲಿ ಸಿಲುಕಿದ ಹೆಣ್ಣು, ಆಕೆಯ ಹೆಸರನ್ನೇ ಕಸಿದು ಹುಚ್ಚಾಸ್ಪತ್ರೆಗೆ ಸೇರಿಸುವ ಸಂಚು ಇವಿಷ್ಟು ಅದರ ಹಂದರ. ಓದುಗರು ಮರುಳಾದರು. ಕಾದಂಬರಿಯ ಹೆಸರಿನ ಅತ್ತರು, ಮೇಲಂಗಿ, ಟೋಪಿ, ನೃತ್ಯಸಂಗೀತಗಳು ಮಾರುಕಟ್ಟೆಗೆ ಬಂದವು. ಮುಂದೆ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ ಓದನ್ನು ಬಿಡಲಾರದೆ ನಾಟಕಕ್ಕೆ ಹೋಗುವುದನ್ನೇ ನಿಲ್ಲಿಸಿದನೆಂದು ಪ್ರಸಿದ್ಧಿಯಿದೆ. ವಿದ್ವಾಂಸರಿಗೆ ಇದು ಸಹಿಸಲಿಲ್ಲ. 1863ರಲ್ಲಿ ಹೆನ್ರಿ ಮ್ಯಾನ್ಸೆಲ್ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಇಂಥ ಕಾದಂಬರಿಗಳ ಮೇಲೆ ದೀರ್ಘವಾದ ದಾಳಿ ನಡೆಸಿ, ಇವು ಬುದ್ಧಿಯನ್ನು ಬಿಟ್ಟು ನರಗಳನ್ನು ಮಾತನಾಡಿಸುತ್ತವೆ, ಪತ್ರಿಕೆಗಳೂ ಬಾಡಿಗೆ ಗ್ರಂಥಾಲಯಗಳೂ ರೈಲು ನಿಲ್ದಾಣದ ಅಂಗಡಿಗಳೂ ಈ ರೋಗಕ್ಕೆ ಕಾರಣ ಎಂದು ದೂರಿದನು. ಒಂದು ಶತಮಾನದ ಬಳಿಕ ನಮ್ಮ ಹಿರಿಯರು ಪತ್ತೇದಾರಿ ಕಾದಂಬರಿಗಳ ಬಗ್ಗೆ ಆಡುತ್ತಿದ್ದ ಬೈಗುಳಗಳು ಅಕ್ಷರಶಃ ಇವೇ. ಮ್ಯಾನ್ಸೆಲ್‌ನನ್ನು ಅವರು ಓದಿರಲಿಲ್ಲ ಅಷ್ಟೆ.

ಆದರೆ ಓದುಗರ ಪ್ರತಿಕ್ರಿಯೆ ಬೆರಗು ಮತ್ತು ಬೈಗುಳಗಳಿಗೆ ಮುಗಿಯುವುದಿಲ್ಲ. ಷಾರ್ಲೆಟ್ ಬ್ರಾಂಟೆ ಅವರ 'ಜೇನ್ ಏರ್' 1847ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಥಾರ್ನ್‌ಫೀಲ್ಡ್ ಎಂಬ ಒಂಟಿ ಮನೆ, ಅಲ್ಲಿ ಕೆಲಸಕ್ಕೆ ಬಂದ ಬಡ ಅಧ್ಯಾಪಕಿ, ರಾತ್ರಿ ಮಾಳಿಗೆಯಿಂದ ಕೇಳಿಬರುವ ನಗು. ಕೊನೆಗೆ ತಿಳಿಯುವುದು: ಅದು ಭೂತವಲ್ಲ, ಮನೆಯ ಯಜಮಾನನ ಮೊದಲ ಹೆಂಡತಿ, ವೆಸ್ಟ್ ಇಂಡೀಸಿನಿಂದ ಮದುವೆಯಾಗಿ ಬಂದು, ಬುದ್ಧಿಭ್ರಮಣೆಯಾಗಿ, ವರ್ಷಗಟ್ಟಲೆ ಮೇಲಿನ ಕೋಣೆಯಲ್ಲಿ ಕೂಡಿಹಾಕಲ್ಪಟ್ಟವಳು. ಆಕೆಯನ್ನು ಕಾದಂಬರಿ ಮೃಗದಂತೆ ಬಣ್ಣಿಸುತ್ತದೆ. ಬಹುಪಾಲು ಓದುಗರು ಹೆದರಿದರು, ನಾಯಕಿಗಾಗಿ ಮರುಗಿದರು, ಮಾಳಿಗೆಯವಳನ್ನು ಮರೆತರು. ಆದರೆ ಅವಳ ಚಿತ್ರಣ ಸರಿಯಲ್ಲವೆಂದು ಆಗಲೇ ಕೆಲವರಿಗೆ ಅನ್ನಿಸಿತು. ಪುಸ್ತಕ ಬಂದು ಮೂರು ತಿಂಗಳೂ ಕಳೆದಿರಲಿಲ್ಲ. 1848ರ ಜನವರಿಯಲ್ಲಿ ಪ್ರಕಾಶನದ ಡಬ್ಲ್ಯು. ಎಸ್. ವಿಲಿಯಮ್ಸ್ ಅವರಿಗೆ ಬರೆದ ಪತ್ರವೊಂದರಲ್ಲಿ ಬ್ರಾಂಟೆ ಆ ಆಕ್ಷೇಪವನ್ನು ಒಪ್ಪಿಕೊಂಡರು. ಅಂಥ ಸ್ಥಿತಿಯನ್ನು ಕಂಡಾಗ ಕರುಣೆಯೊಂದೇ ಹುಟ್ಟಬೇಕಿತ್ತು, ತಾವು ಭೀಕರತೆಯನ್ನೇ ಮುಂದುಮಾಡಿ ತಪ್ಪಿದೆವು ಎಂಬುದು ಅವರ ಮಾತಿನ ಸಾರ. ಜಗತ್ತಿನ ಸಾಹಿತ್ಯದಲ್ಲಿ ಒಂಟಿ ಬಂಗಲೆಯ ಕಥೆ ಬರೆದವರು ಅಸಂಖ್ಯ. ಓದಿದವರ ಮಾತಿಗೆ ಓಗೊಟ್ಟು, ಮಾಳಿಗೆಯಲ್ಲಿದ್ದವಳ ಕಡೆ ತಿರುಗಿ ನೋಡಿದ ಲೇಖಕರು ಎಷ್ಟು ಮಂದಿ? 1966ರಲ್ಲಿ ಜೀನ್ ರೀಸ್ ಆ ಬಂದಿನಿಯ ಕಥೆಯನ್ನೇ 'ವೈಡ್ ಸರ್ಗಾಸೋ ಸೀ' ಎಂಬ ಕಾದಂಬರಿಯಾಗಿ ಬರೆದರು. ರೀಸ್ ಸ್ವತಃ ವೆಸ್ಟ್ ಇಂಡೀಸಿನ ಡೊಮಿನಿಕಾದಲ್ಲಿ ಹುಟ್ಟಿದವರು. ಓದುಗಳೊಬ್ಬಳ ಪ್ರತಿಕ್ರಿಯೆ ನೂರಹದಿನೆಂಟು ವರ್ಷಗಳ ಮೇಲೆ ಕಾದಂಬರಿಯ ರೂಪದಲ್ಲಿ ಬಂದಿತೆನ್ನಬಹುದು.

ಇನ್ನೊಂದು ಉದಾಹರಣೆಯನ್ನು ಬೇಗ ಹೇಳಿ ಮುಂದೆ ಹೋಗುತ್ತೇವೆ. ಹೆನ್ರಿ ಜೇಮ್ಸ್‌ನ 'ದ ಟರ್ನ್ ಆಫ್ ದ ಸ್ಕ್ರೂ' 1898ರದು. ಬ್ಲೈ ಎಂಬ ಒಂಟಿ ಮನೆಯಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಯುವತಿಗೆ ಸತ್ತವರ ರೂಪಗಳು ಕಾಣುತ್ತವೆ. ಮೊದಲ ಓದುಗರಲ್ಲಿ ಬಹುಮಂದಿ ಅದನ್ನು ದೆವ್ವದ ಕಥೆಯೆಂದೇ ಓದಿದರು. 1934ರಲ್ಲಿ ಎಡ್ಮಂಡ್ ವಿಲ್ಸನ್ ಎಂಬ ವಿಮರ್ಶಕ, ದೆವ್ವಗಳು ಆ ಯುವತಿಯ ಮನಸ್ಸಿನ ಸೃಷ್ಟಿ ಎಂದು ವಾದಿಸಿದಾಗಿನಿಂದ ಓದುಗರು ಎರಡು ಪಂಗಡವಾದರು. ಜಗಳ ಇನ್ನೂ ಮುಗಿದಿಲ್ಲ. ಈ ವಾಗ್ವಾದದಲ್ಲಿ ನಮಗೆ ಮುಖ್ಯವೆನಿಸುವವಳು ಮನೆವಾರ್ತೆ ನೋಡುವ ಶ್ರೀಮತಿ ಗ್ರೋಸ್. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಇದ್ದವಳು, ಸತ್ತವರನ್ನು ಬದುಕಿದ್ದಾಗ ಬಲ್ಲವಳು ಅವಳೇ. ಅವಳಿಗೆ ದೆವ್ವ ಕಾಣಿಸಲಿಲ್ಲ. ಅವಳಿಗೆ ಓದುಬರಹ ಬಾರದು. ಆದ್ದರಿಂದ ಕಥೆಯನ್ನು ಬರೆದಿಟ್ಟವಳು ಅವಳಲ್ಲ.

ಕನ್ನಡಕ್ಕೆ ಬರೋಣ. ನಮ್ಮಲ್ಲಿ ರಹಸ್ಯದ ರುಚಿ ಹತ್ತಿಸಿದವರಲ್ಲಿ ಎನ್. ನರಸಿಂಹಯ್ಯನವರದು ದೊಡ್ಡ ಹೆಸರು. ಶಾಲೆಯ ಕೆಳ ತರಗತಿಗಳಿಗೇ ಓದು ನಿಲ್ಲಿಸಿದ ಅವರು 500ಕ್ಕೂ ಮಿಕ್ಕ ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದರೆ ನಮ್ಮ ಸಂಘದ ಹಿರಿಯ ಸದಸ್ಯರ ಮುಖ ಇಂದಿಗೂ ಅರಳುತ್ತದೆ. ವಿಮರ್ಶಕರು ಅವುಗಳನ್ನು ಸಾಹಿತ್ಯದ ಹೊಸಿಲು ದಾಟಿಸಲಿಲ್ಲ. ಓದುಗರು ಅನುಮತಿ ಕೇಳಲಿಲ್ಲ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಬರುವ ಬಸ್ಸಿನಲ್ಲಿ ಕನ್ನಡ ಪುಸ್ತಕವೊಂದು ಬಂದರೆ ಅದು ಮನೆಯಿಂದ ಮನೆಗೆ ಹೋಗಿ ರಟ್ಟು ಕಳಚಿ ಹಿಂದಿರುಗುತ್ತಿತ್ತು. ತಮಿಳುನಾಡಿನ ಜಿಲ್ಲೆಯೊಂದರಲ್ಲಿ ಕನ್ನಡ ಓದು ಉಳಿದದ್ದರಲ್ಲಿ ಪಠ್ಯಪುಸ್ತಕಗಳಷ್ಟೇ ಪಾಲು ಈ ರಟ್ಟು ಕಳಚಿದ ಪುಸ್ತಕಗಳಿಗೂ ಸಲ್ಲಬೇಕು. ಅವುಗಳಲ್ಲಿ ರಹಸ್ಯವಿದ್ದರೆ ಕೊನೆಯ ಪುಟದಲ್ಲಿ ಅಪರಾಧಿಯೂ ಇರುತ್ತಿದ್ದನು. ಅಪರಾಧಿ ಸಿಕ್ಕೊಡನೆ ಭಯ ಮುಗಿಯುತ್ತಿತ್ತು.

ಮುಗಿಯದ ಭಯವನ್ನು ಕನ್ನಡದ ಓದುಗರಿಗೆ ತೋರಿಸಿದವರು ತ್ರಿವೇಣಿ. ಅನಸೂಯಾ ಶಂಕರ್ ಎಂಬುದು ಅವರ ನಿಜನಾಮ. 1928ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿ, ಹತ್ತೇ ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು, 1963ರಲ್ಲಿ ಹೆರಿಗೆಯ ಬೆನ್ನಲ್ಲೇ ತೀರಿಕೊಂಡರು. ಬದುಕಿದ್ದು ಮೂವತ್ತೈದು ವರ್ಷವೂ ಅಲ್ಲ. 'ಬೆಕ್ಕಿನ ಕಣ್ಣು', 'ಮುಚ್ಚಿದ ಬಾಗಿಲು', 'ಶರಪಂಜರ' ಎಂಬ ಹೆಸರುಗಳನ್ನು ನೋಡಿದರೆ ಮೇಲುನೋಟಕ್ಕೆ ಥ್ರಿಲ್ಲರಿನ ಅಂಗಡಿಯೇ ತೆರೆದಂತಿದೆ. 'ಬೆಕ್ಕಿನ ಕಣ್ಣು' 1966ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ 'ಪೂಚ್ಚಕ್ಕಣ್ಣಿ' ಎಂಬ ಮಲಯಾಳಂ ಚಿತ್ರವಾಗಿ ಘಟ್ಟದ ಆಚೆಗೂ ಹೋಯಿತು.

'ಶರಪಂಜರ'ದಲ್ಲಿ ಗುಡ್ಡವಿಲ್ಲ, ಮಂಜಿಲ್ಲ, ಮಾಳಿಗೆಯಲ್ಲಿ ನಗುವಿಲ್ಲ. ಬಾಣಂತನದಲ್ಲಿ ಕಾವೇರಿಯ ಮನಸ್ಸು ಕದಡುತ್ತದೆ. ಮಾನಸಿಕ ಆಸ್ಪತ್ರೆಗೆ ಹೋಗಿ ಗುಣಮುಖಳಾಗಿ ಹಿಂದಿರುಗುತ್ತಾಳೆ. ಅಲ್ಲಿಂದ ಮುಂದೆ ಅವಳ ಮನೆಯೇ ಒಂಟಿ ಬಂಗಲೆ. ಅವಳು ನಕ್ಕರೆ ಎಲ್ಲರೂ ಬೆಚ್ಚುತ್ತಾರೆ, ಸುಮ್ಮನಿದ್ದರೆ ಅನುಮಾನಿಸುತ್ತಾರೆ, ಸಿಟ್ಟಾದರೆ ರೋಗ ಮರುಕಳಿಸಿತೆನ್ನುತ್ತಾರೆ. ಗಂಡ ದೂರ ಸರಿಯುತ್ತಾನೆ. ಕೊನೆಗೆ ಅವಳು ಮರಳಿ ಅದೇ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಸುತ್ತ ಬೀದಿಯಿದೆ, ನೆರೆಹೊರೆಯಿದೆ, ಆಳುಕಾಳುಗಳಿದ್ದಾರೆ. ಆದರೂ ಥಾರ್ನ್‌ಫೀಲ್ಡಿನ ಮಾಳಿಗೆಗಿಂತ ಅದು ಹೆಚ್ಚು ಏಕಾಂತದ ಜಾಗ. ವ್ಯತ್ಯಾಸವೊಂದೇ: ತ್ರಿವೇಣಿ ಓದುಗರನ್ನು ಬಾಗಿಲ ಹೊರಗೆ ನಿಲ್ಲಿಸಿ ಹೆದರಿಸುವುದಿಲ್ಲ, ಒಳಗೆ ಕಾವೇರಿಯ ಪಕ್ಕದಲ್ಲಿ ಕೂರಿಸುತ್ತಾರೆ. ಅಲ್ಲಿಂದ ನೋಡಿದರೆ ಹೆದರಿಕೆ ಹುಟ್ಟಿಸುವವರು ಹೊರಗಿನವರು. ಜೀನ್ ರೀಸ್ ಲಂಡನ್ನಿನಲ್ಲಿ ತಮ್ಮ ಪುಸ್ತಕವನ್ನು ಪ್ರಕಟಿಸುವ ಮೊದಲೇ ಮೈಸೂರಿನ ಈ ಲೇಖಕಿ ಅದೇ ಕೆಲಸವನ್ನು ಮುಗಿಸಿ ಕಣ್ಮುಚ್ಚಿದ್ದರು ಎಂಬುದನ್ನು ನಮ್ಮ ಸಾಹಿತ್ಯಚರಿತ್ರೆಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಪುಟ್ಟಣ್ಣನವರ ಚಿತ್ರ, ಕಲ್ಪನಾ ಅವರ ಅಭಿನಯ, ರಾಷ್ಟ್ರಪ್ರಶಸ್ತಿ ಇವೆಲ್ಲ ಬಂದ ಮೇಲೆ 'ಶರಪಂಜರ' ಓದುಬಾರದವರಿಗೂ ತಲುಪಿತು. ನೋಡಿದವರು ಅತ್ತರು. ಆ ಅಳುವಿನ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಆದರೆ ಚಿತ್ರಮಂದಿರದಲ್ಲಿ ಕಾವೇರಿಗಾಗಿ ಅತ್ತ ಸಮಾಜವೇ ಮನೆಗೆ ಬಂದು ನೆರೆಮನೆಯ ಕಾವೇರಿಯನ್ನು ಕಂಡು ಕಿಟಕಿ ಮುಚ್ಚಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದಿತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಈ ಬೆಟ್ಟದಿಂದಲೂ ಜನ ಅಲ್ಲಿಗೆ ಹೋಗಿಬರುತ್ತಾರೆ. ಹೋಗಿಬಂದವರು ಊರಿನಲ್ಲಿ ಏನು ಹೇಳುತ್ತಾರೆ? ಮೈಸೂರಿನಲ್ಲಿ ಮದುವೆಯಿತ್ತು ಎನ್ನುತ್ತಾರೆ. ಮಾತ್ರೆಯ ಪಟ್ಟಿಯನ್ನು ಅಕ್ಕಿಡಬ್ಬದ ಹಿಂದೆ ಇಡುತ್ತಾರೆ. ಮಗಳಿಗೆ ಗಂಡು ನೋಡುವಾಗ ಆ ವರ್ಷವೊಂದನ್ನು ಮನೆಯ ಚರಿತ್ರೆಯಿಂದಲೇ ಕಿತ್ತುಹಾಕುತ್ತಾರೆ. ಕಾದಂಬರಿ ಬಂದು ಅರವತ್ತು ವರ್ಷಗಳಾದ ಮೇಲೂ ಅದರ ಓದು ನಮ್ಮಲ್ಲಿ ಪೂರ್ಣವಾಗಿಲ್ಲವೆನ್ನಲು ಬೇರೆ ಪುರಾವೆ ಬೇಕಿಲ್ಲ.

2004ರಲ್ಲಿ ಬಂದ 'ಆಪ್ತಮಿತ್ರ' ಈ ವಿಷಯಕ್ಕೆ ವಿಚಿತ್ರವಾದ ತಿರುವು ಕೊಟ್ಟಿತು. ಅದು ಓದಿದ ಕಥೆಯಲ್ಲ, ನೋಡಿದ ಕಥೆ. ಆದರೂ ನಮ್ಮ ಕಾಲದಲ್ಲಿ ಒಂಟಿ ಮನೆಯ ಕಥೆಗೆ ಕನ್ನಡಿಗರ ಪ್ರತಿಕ್ರಿಯೆಯನ್ನು ಅಳೆಯಲು ಅದಕ್ಕಿಂತ ದೊಡ್ಡ ಅಳತೆಗೋಲಿಲ್ಲ. 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' ಅದರ ಮೂಲ. ಹಳೆಯ ಮನೆ, ಬೀಗ ಹಾಕಿದ ಕೋಣೆ, ಸೇಡಿಗಾಗಿ ಕಾದಿರುವ ನರ್ತಕಿಯ ಐತಿಹ್ಯ ಎಲ್ಲ ಇದ್ದರೂ ಕಥೆಯ ತಿರುಳು ಮನೋರೋಗದ್ದು. ಮನೆಯ ಸೊಸೆ ಗಂಗಾ ತನ್ನನ್ನೇ ಆ ನರ್ತಕಿಯೆಂದು ಭಾವಿಸಿಕೊಂಡಿದ್ದಾಳೆ. ಮನೋವೈದ್ಯನು ಮಾಂತ್ರಿಕನ ನೆರವಿನಿಂದ ನಾಟಕವೊಂದನ್ನು ಹೂಡಿ ಅವಳನ್ನು ಉಳಿಸುತ್ತಾನೆ. ವಿಷ್ಣುವರ್ಧನ್ ವೈದ್ಯನಾಗಿ, ಸೌಂದರ್ಯ ಗಂಗೆಯಾಗಿ ನಟಿಸಿದ ಕನ್ನಡ ಚಿತ್ರ ಅಪಾರ ಜನಪ್ರಿಯವಾಯಿತು. ಆದರೆ ಅದು ತೆರೆಗೆ ಬರುವ ಮೊದಲೇ, 2004ರ ಏಪ್ರಿಲ್ 17ರಂದು, ಸೌಂದರ್ಯ ಬೆಂಗಳೂರಿನಲ್ಲಿ ವಿಮಾನ ದುರಂತದಲ್ಲಿ ಮಡಿದಿದ್ದರು. ಮುಂದಿನ ಭಾಗವಾದ 'ಆಪ್ತರಕ್ಷಕ' 2010ರಲ್ಲಿ ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು, ವಿಷ್ಣುವರ್ಧನ್ ತೀರಿಕೊಂಡರು. ಜನ ಎರಡು ಸಾವುಗಳನ್ನು ಹೊಂದಿಸಿ ನಾಗವಲ್ಲಿಯ ಶಾಪವೆಂದರು. ದೆವ್ವವಿಲ್ಲ, ಇರುವುದು ಕಾಯಿಲೆ ಎಂದು ಎರಡೂವರೆ ಗಂಟೆ ವಿವರಿಸಿದ ಚಿತ್ರದಿಂದ ಜನ ಹೊತ್ತು ಬಂದದ್ದು ದೆವ್ವವನ್ನೇ. ನಿರ್ಮಾಪಕರನ್ನು ಮಾತ್ರ ದೂರಿ ಫಲವಿಲ್ಲ. ಶಾಪ ಹೇಳಲು ಸುಲಭ; ಅಪಘಾತವನ್ನು ಅಪಘಾತವೆಂದು ಹೊರುವುದು ಕಷ್ಟ.

ಅದಕ್ಕೆ ಎರಡು ವರ್ಷ ಮೊದಲು ಬಂದ 'ರಾಜ್' ಎಂಬ ಹಿಂದಿ ಚಿತ್ರ ತನ್ನ ದೆವ್ವದ ಮನೆಯನ್ನು ನಮ್ಮ ಊಟಿಯಲ್ಲೇ ಇರಿಸಿತ್ತು. ಆಮೇಲೆ ಪ್ರವಾಸಕ್ಕೆ ಬರುವ ನೆಂಟರಿಗೆ ಸಸ್ಯೋದ್ಯಾನ, ದೊಡ್ಡಬೆಟ್ಟಗಳ ಜೊತೆ ನೋಡಬೇಕಾದ ಇನ್ನೊಂದು ಜಾಗ ಸೇರಿತು: ದೆವ್ವದ ಬಂಗಲೆ. ಯಾವುದಾದರೂ ಹಳೆಯ ಮನೆಯನ್ನು ತೋರಿಸಿದರೆ ಸಾಕು, ಅವರಿಗೆ ತೃಪ್ತಿ. ಇದನ್ನು ನಗೆಯಲ್ಲಿ ತೇಲಿಸಿಬಿಡಬಹುದಿತ್ತು, ಈ ಬೆಟ್ಟದಲ್ಲಿ ಭಯದ ಕಥೆಗಳಿಗೆ ಇನ್ನೊಂದು ಚರಿತ್ರೆ ಇಲ್ಲದೇ ಹೋಗಿದ್ದರೆ.

ಆ ಚರಿತ್ರೆ ಕುರುಂಬರದು. ಕಾಡಂಚಿನಲ್ಲಿ, ಊರುಗಳಿಂದ ದೂರದ ಗುಡಿಸಲುಗಳಲ್ಲಿ ಬಾಳುತ್ತಿದ್ದ ಅವರನ್ನು ಸುತ್ತಲಿನವರು ಔಷಧಕ್ಕಾಗಿ ಕರೆಯುತ್ತಿದ್ದರು, ಮಾಟಕ್ಕಾಗಿ ಹೆದರುತ್ತಿದ್ದರು. ಊರಿನಲ್ಲಿ ಕಾಯಿಲೆ ಹಬ್ಬಿದರೆ, ದನಗಳು ಸತ್ತರೆ, ಅದಕ್ಕೆ ಕಾರಣ ದೂರದ ಆ ಗುಡಿಸಲು. ಹತ್ತೊಂಬತ್ತನೆಯ ಶತಮಾನದ ದಾಖಲೆಗಳಲ್ಲಿ ಇಂಥ ಅನುಮಾನದಿಂದ ನಡೆದ ಕೊಲೆಗಳು ಮತ್ತೆ ಮತ್ತೆ ಬರುತ್ತವೆ. 1900ರಲ್ಲಿ ಒಂದು ಕುರುಂಬ ಕುಟುಂಬವನ್ನೇ ಕೊಂದುಹಾಕಿದ ಪ್ರಕರಣವನ್ನು ಎಡ್ಗರ್ ಥರ್ಸ್ಟನ್ ತನ್ನ ಗ್ರಂಥದಲ್ಲಿ ನಮೂದಿಸಿದ್ದಾನೆ. ಕುಟುಂಬದ ಹಿರಿಯನಿಗೆ ಮದ್ದು ಬಲ್ಲವನೆಂಬ ಹೆಸರಿತ್ತು. ಅವನೇ ಹಳ್ಳಿಯೊಂದಕ್ಕೆ ರೋಗವನ್ನೂ ಸಾವನ್ನೂ ತಂದನೆಂದು ಜನ ನಂಬಿದರು. ಸುತ್ತಲ ಸೀಮೆಯ ಸಹಾನುಭೂತಿಯೆಲ್ಲ ಕೊಂದವರ ಕಡೆಗಿದ್ದುದರಿಂದ ತನಿಖೆ ಕಷ್ಟವಾಯಿತು, ಆರೋಪಿಗಳು ಬಿಡುಗಡೆಯಾದರು. ಒಂಟಿ ಮನೆಯ ಬಗ್ಗೆ ಊರು ಕಟ್ಟಿದ ಕಥೆಯನ್ನು ಊರೇ ನಂಬಿದಾಗ ಏನಾಗುತ್ತದೆಂಬುದು ಇಲ್ಲಿದೆ. 'ಶರಪಂಜರ'ದಲ್ಲಿ ಬೀದಿ ಕಾವೇರಿಗೆ ಮಾಡಿದ್ದನ್ನು ಇಲ್ಲಿ ಕತ್ತಿ ಮಾಡಿತು.

ಇತ್ತೀಚಿನದೊಂದನ್ನು ಹೇಳದೆ ಈ ಬರಹ ಮುಗಿಯದು. 2017ರ ಏಪ್ರಿಲ್‌ನಲ್ಲಿ ಕೊಡನಾಡಿನ ಎಸ್ಟೇಟು ಬಂಗಲೆಗೆ ರಾತ್ರಿ ಕೆಲವರು ನುಗ್ಗಿದರು. ಅದು ಹಿಂದಿನ ಡಿಸೆಂಬರಿನಲ್ಲಿ ತೀರಿಕೊಂಡ, ಮೇಲುಕೋಟೆಯಲ್ಲಿ ಹುಟ್ಟಿದ ಮಾಜಿ ಮುಖ್ಯಮಂತ್ರಿ ಜಯಲಲಿತಾ ಅವರ ಬೇಸಿಗೆಯ ಬಿಡಾರ. ಪ್ರಕರಣದ ತೀರ್ಪು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಓದುಗರ ಪ್ರತಿಕ್ರಿಯೆಯಷ್ಟೇ ನಮ್ಮ ವಿಷಯ. ವಾರಗಟ್ಟಲೆ ಚಹಾ ಅಂಗಡಿಗಳಲ್ಲಿ, ಬಸ್ಸುಗಳಲ್ಲಿ ಪತ್ರಿಕೆ ಹಿಡಿದವರೆಲ್ಲ ಪತ್ತೇದಾರ ಪುರುಷೋತ್ತಮರಾದರು. ಎಷ್ಟು ಕೋಣೆಗಳು, ಯಾವ ಬೀರು, ಯಾವ ಕಾಗದ, ಯಾರ ಕೈವಾಡ ಎಂಬ ಚರ್ಚೆಗೆ ಕೊನೆಯಿರಲಿಲ್ಲ. ಆ ರಾತ್ರಿ ಗೇಟಿನ ಬಳಿ ಕೊಲೆಯಾದವನು ನೇಪಾಳದಿಂದ ದುಡಿಯಲು ಬಂದ ಕಾವಲುಗಾರ. ಅವನ ಊರು ಯಾವುದು, ಮನೆಯಲ್ಲಿ ಯಾರಿದ್ದರು, ಸುದ್ದಿ ಅವರಿಗೆ ಯಾವ ದಿನ ತಲುಪಿತು ಎಂದು ಕೇಳಿದವರನ್ನು ನಾವು ಆ ಅಂಗಡಿಗಳಲ್ಲಿ ಕಾಣಲಿಲ್ಲ.